ಟೋಕಿಯೊ 1ನೇ ಕ್ಷೇತ್ರ: ಹತ್ತು ಚುನಾವಣೆ, ಮೂರು ಹೆಸರು, ಎರಡು ಬಾಗಿಲು

ಜಪಾನಿನ ಸಂಸತ್ ಭವನ, ಪ್ರಧಾನಿಯ ಕಚೇರಿ, ಸುಪ್ರೀಂ ಕೋರ್ಟ್, ಚಕ್ರವರ್ತಿಯ ಅರಮನೆ ಎಲ್ಲವೂ ಒಂದೇ ಚುನಾವಣಾ ಕ್ಷೇತ್ರದಲ್ಲಿವೆ. ಅದು ಟೋಕಿಯೊ 1ನೇ ಕ್ಷೇತ್ರ. ಕೆಳಮನೆಗೆ ಇಲ್ಲಿಂದ ಒಬ್ಬರು ಆರಿಸಿ ಹೋಗಬೇಕು. ಈ ಕ್ಷೇತ್ರದ ಅತಿ ಪ್ರಸಿದ್ಧ ನಿವಾಸಿಗೆ ಮಾತ್ರ ವೋಟಿಲ್ಲ. ಚಕ್ರವರ್ತಿ ಮತ್ತು ಅವರ ಮನೆಯವರ ಹೆಸರು ಮತದಾರರ ಪಟ್ಟಿಯಲ್ಲಿ ಬರುವುದೇ ಇಲ್ಲ.

1996ರಿಂದ 2024ರವರೆಗೆ ಇಲ್ಲಿ ಹತ್ತು ಸಾರ್ವತ್ರಿಕ ಚುನಾವಣೆ ನಡೆದವು. ಹತ್ತರಲ್ಲೂ ನಿಂತವರು ಕಾಯೆದಾ ಬಾನ್ರಿ. ಅವರ ಎದುರು ಮೊದಲ ಐದು ಸಲ ಯೊಸಾನೊ ಕಾವೊರು, ನಂತರದ ಐದು ಸಲ ಯಮಾದಾ ಮಿಕಿ. ಲೆಕ್ಕ ಹಾಕಿದರೆ ಕಾಯೆದಾ ಐದು ಸಲ ಗೆದ್ದರು, ಐದು ಸಲ ಸೋತರು. ಸೋತ ಐದರಲ್ಲಿ ಮೂರು ಸಲ ಅವರು ಸಂಸತ್ತಿಗೆ ಹೋಗಿಯೇ ಹೋದರು. ಯೊಸಾನೊ ಸೋತ ಮೂರರಲ್ಲಿ ಎರಡು ಸಲ ಒಳಗೆ ಹೋದರು. ಯಮಾದಾ ಸೋತ ಎರಡರಲ್ಲಿ ಒಂದು ಸಲ ಒಳಗೆ ಹೋದರು.

ಸೋತ ಮೇಲೂ ಸಂಸದರಾಗುವುದು ಹೇಗೆ? ಅದು ಸರಿಯೇ? ಈ ಎರಡು ಪ್ರಶ್ನೆಗೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆಯ ಕ್ಷೇತ್ರ ನನಗೆ ಗೊತ್ತಿಲ್ಲ.

ಯಾರ ಊರು ಇದು

ಹಳೆಯ ವ್ಯಾಪ್ತಿಯಲ್ಲಿ ಈ ಕ್ಷೇತ್ರ ಎಂದರೆ ಮೂರು ವಾರ್ಡುಗಳು: ಚಿಯೋದಾ, ಮಿನಾತೊ, ಶಿಂಜುಕು. ಚಿಯೋದಾದಲ್ಲಿ ಸರ್ಕಾರ ಮತ್ತು ದೊಡ್ಡ ಕಂಪನಿಗಳ ಕೇಂದ್ರ ಕಚೇರಿಗಳು. ಮಿನಾತೊದಲ್ಲಿ ರಾಯಭಾರ ಕಚೇರಿಗಳು, ದುಬಾರಿ ಫ್ಲ್ಯಾಟುಗಳು. ಶಿಂಜುಕುವಿನಲ್ಲಿ ಕಾಬುಕಿಚೊದ ಬಾರ್‌ಗಳು, ಶಿನ್-ಓಕುಬೊದ ಕೊರಿಯನ್ ಅಂಗಡಿಗಳು, ವಾಸೆದಾ ವಿಶ್ವವಿದ್ಯಾಲಯ, ಜೊತೆಗೆ ಜಗತ್ತಿನಲ್ಲೇ ಅತಿ ಜಾಸ್ತಿ ಜನ ಓಡಾಡುವ ರೈಲು ನಿಲ್ದಾಣ.

ಚಿಯೋದಾದಲ್ಲಿ ರಾತ್ರಿ ಮಲಗುವವರು 2020ರ ಜನಗಣತಿಯ ಹೊತ್ತಿಗೆ ಸುಮಾರು 67 ಸಾವಿರ. ಹಗಲು ಹೊತ್ತು ಅಲ್ಲಿರುವವರು ಸುಮಾರು 9 ಲಕ್ಷ. ಬೆಳಗ್ಗೆ ರೈಲಿಳಿದು ಕೆಲಸಕ್ಕೆ ಬರುವ ಈ ಜನರ ವೋಟು ಟೋಕಿಯೊ ಪಕ್ಕದ ಸೈತಾಮಾದಲ್ಲೋ ಚಿಬಾದಲ್ಲೋ ಇರುತ್ತದೆ. ನಿಲ್ದಾಣದ ಮುಂದೆ ಮೈಕ್ ಹಿಡಿದ ಅಭ್ಯರ್ಥಿಯ ಎದುರು ಸಾವಿರಾರು ಜನ ಹಾದುಹೋಗುತ್ತಾರೆ. ಅವರಲ್ಲಿ ಈ ಅಭ್ಯರ್ಥಿಗೆ ವೋಟು ಹಾಕಬಲ್ಲವರು ಎಷ್ಟು ಮಂದಿ ಎಂದು ಹೇಳುವುದು ಕಷ್ಟ. ಮನೆಮನೆಗೆ ಹೋಗೋಣ ಅಂದರೆ ಅದಕ್ಕೂ ದಾರಿಯಿಲ್ಲ, ಜಪಾನಿನ ಕಾನೂನು ಮನೆಬಾಗಿಲಿಗೆ ಹೋಗಿ ವೋಟು ಕೇಳುವುದನ್ನು ನಿಷೇಧಿಸಿದೆ. ಅಧಿಕೃತ ಪ್ರಚಾರಕ್ಕೆ ಸಿಗುವುದು ಹನ್ನೆರಡೇ ದಿನ.

ಇನ್ನೊಂದು ವಿಷಯ. ಮತಪತ್ರದಲ್ಲಿ ಹೆಸರುಗಳ ಪಟ್ಟಿ ಇರುವುದಿಲ್ಲ, ಚಿಹ್ನೆಯೂ ಇರುವುದಿಲ್ಲ. ಮತದಾರ ಪೆನ್ಸಿಲ್ ತೆಗೆದುಕೊಂಡು ಖಾಲಿ ಜಾಗದಲ್ಲಿ ಅಭ್ಯರ್ಥಿಯ ಹೆಸರನ್ನು ಕೈಯಾರೆ ಬರೆಯಬೇಕು. ಪಕ್ಕದಲ್ಲಿ ಬೇರೇನಾದರೂ ಗೀಚಿದರೆ ಆ ವೋಟು ಹೋಯಿತು. ಅದಕ್ಕೇ ಎಷ್ಟೋ ಅಭ್ಯರ್ಥಿಗಳು ತಮ್ಮ ಹೆಸರಿನ ಕಷ್ಟದ ಕಾಂಜಿ ಅಕ್ಷರ ಬಿಟ್ಟು ಸುಲಭದ ಹಿರಾಗಾನಾದಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಇಂಥ ವ್ಯವಸ್ಥೆಯಲ್ಲಿ ಹೆಸರು ಜನರ ನಾಲಿಗೆ ಮೇಲೆ ಇರುವುದೇ ಅರ್ಧ ಬಲ.

ಆ ಬಲ ಯೊಸಾನೊ, ಕಾಯೆದಾ ಇಬ್ಬರಿಗೂ ಇತ್ತು. ಯೊಸಾನೊ ಹೆಸರು ಜಪಾನಿನ ಶಾಲೆಗೆ ಹೋದ ಎಲ್ಲರಿಗೂ ಗೊತ್ತು, ಏಕೆಂದರೆ ಇವರು ಕವಯಿತ್ರಿ ಯೊಸಾನೊ ಅಕಿಕೊ ಅವರ ಮೊಮ್ಮಗ. ಅಣುವಿದ್ಯುತ್ ಕಂಪನಿಯಲ್ಲಿ ಕೆಲಸ ಮಾಡಿ, ನಂತರ, ಮುಂದೆ ಪ್ರಧಾನಿಯಾದ ನಕಾಸೊನೆ ಯಾಸುಹಿರೊ ಅವರ ಕಾರ್ಯದರ್ಶಿಯಾಗಿ ರಾಜಕೀಯಕ್ಕೆ ಬಂದವರು. 1976ರಲ್ಲಿ ಆಳುವ ಲಿಬರಲ್ ಡೆಮಾಕ್ರಟಿಕ್ ಪಕ್ಷದಿಂದ, ಅಂದರೆ ಎಲ್‌ಡಿಪಿಯಿಂದ, ಮೊದಲ ಸಲ ಗೆದ್ದರು. ಕಾಯೆದಾ ಟಿವಿಯಲ್ಲಿ ದುಡ್ಡು ಕಾಸಿನ ವಿಷಯ ಬಿಡಿಸಿ ಹೇಳುತ್ತಿದ್ದ ಆರ್ಥಿಕ ವಿಶ್ಲೇಷಕ. ತೆರಿಗೆ, ಉಳಿತಾಯ, ಪಿಂಚಣಿ ಅಂತ ಜನಸಾಮಾನ್ಯರ ಮಾತು ಆಡುತ್ತಿದ್ದವರು.

ಮೂರು ಕುರ್ಚಿಯಿಂದ ಒಂದಕ್ಕೆ

ಹಳೆಯ ಟೋಕಿಯೊ 1ನೇ ಕ್ಷೇತ್ರ ಬೇರೆಯೇ ಥರ ಇತ್ತು. ಒಂದೇ ಕ್ಷೇತ್ರದಿಂದ ಹಲವರು ಆರಿಸಿ ಬರುತ್ತಿದ್ದರು. ಯುದ್ಧದ ನಂತರ ಇಲ್ಲಿಂದ ಗೆದ್ದವರಲ್ಲಿ ಪ್ರಧಾನಿಯಾದ ಹತೊಯಾಮಾ ಇಚಿರೊ ಇದ್ದರು, ಸೋಷಿಯಲಿಸ್ಟ್ ನಾಯಕ ಅಸಾನುಮಾ ಇನೆಜಿರೊ ಕೂಡ ಇದ್ದರು. 1960ರ ಅಕ್ಟೋಬರ್ 12ರಂದು ಹಿಬಿಯಾ ಸಭಾಂಗಣದ ವೇದಿಕೆಯಲ್ಲಿ ಭಾಷಣ ಮಾಡುತ್ತಿದ್ದ ಅಸಾನುಮಾ ಅವರನ್ನು 17 ವರ್ಷದ ಹುಡುಗನೊಬ್ಬ ಕತ್ತಿಯಿಂದ ಇರಿದು ಕೊಂದ. ಆ ಸಭಾಂಗಣ ಇರುವುದು ಇದೇ ಕ್ಷೇತ್ರದೊಳಗೆ. ಮರುತಿಂಗಳ ಚುನಾವಣೆಯಲ್ಲಿ ಅವರ ಹೆಂಡತಿ ಕ್ಯೋಕೊ ಇಲ್ಲಿಂದಲೇ ನಿಂತು ಗೆದ್ದರು.

1967ರಿಂದ ಇದು ಮೂರು ಕುರ್ಚಿಯ ಕ್ಷೇತ್ರವಾಯಿತು. 1993ರ ಚುನಾವಣೆಯಲ್ಲಿ ಯೊಸಾನೊ ಗೆದ್ದರು, ಹೊಸ ಪಕ್ಷವೊಂದರಿಂದ ಬಂದ ಕಾಯೆದಾ ಕೂಡ ಗೆದ್ದರು. ಇಬ್ಬರಿಗೂ ಜಾಗ ಇತ್ತು.

1994ರಲ್ಲಿ ಕಾನೂನು ಬದಲಾಯಿತು. ಒಂದು ಕ್ಷೇತ್ರಕ್ಕೆ ಒಬ್ಬರೇ. ಜೊತೆಗೆ ಪಕ್ಷಗಳಿಗೆ ಸಿಗುವ ಮತದ ಪ್ರಮಾಣದಲ್ಲಿ ಪಟ್ಟಿಯಿಂದ ಸೀಟು ಹಂಚುವ ವ್ಯವಸ್ಥೆ. ಮತದಾರನ ಕೈಗೆ ಎರಡು ಚೀಟಿ: ಒಂದರಲ್ಲಿ ಅಭ್ಯರ್ಥಿಯ ಹೆಸರು, ಇನ್ನೊಂದರಲ್ಲಿ ಪಕ್ಷದ ಹೆಸರು. ಒಬ್ಬ ಅಭ್ಯರ್ಥಿ ಕ್ಷೇತ್ರದಲ್ಲೂ ನಿಲ್ಲಬಹುದು, ಪಕ್ಷದ ಪಟ್ಟಿಯಲ್ಲೂ ಇರಬಹುದು.

ಪಟ್ಟಿಯಲ್ಲಿ ಪಕ್ಷಗಳು ಸಾಮಾನ್ಯವಾಗಿ ಹಲವರನ್ನು ಒಂದೇ ಸ್ಥಾನದಲ್ಲಿ ಇಡುತ್ತವೆ. ಆಗ ಮೊದಲು ಯಾರು ಎಂದು ತೀರ್ಮಾನಿಸುವುದು ಸೋಲಿನ ಅಂತರ. ಸೋತವರ ಮತವನ್ನು ಗೆದ್ದವರ ಮತದಿಂದ ಭಾಗಿಸಿ ಶೇಕಡಾ ತೆಗೆಯುತ್ತಾರೆ. ಗೆದ್ದವರಿಗೆ ಒಂದು ಲಕ್ಷ, ಸೋತವರಿಗೆ ತೊಂಬತ್ತು ಸಾವಿರ ಬಿದ್ದಿದ್ದರೆ ಶೇ 90. ಯಾರದ್ದು ಜಾಸ್ತಿಯೋ ಅವರು ಮೊದಲು ಒಳಗೆ. ಇದನ್ನು ಇಷ್ಟಪಡದವರು ಹೀಗೆ ಬಂದವರನ್ನು ಜೊಂಬಿ ಸಂಸದರು ಎಂದು ಕರೆಯುತ್ತಾರೆ.

ಯೊಸಾನೊ ಮತ್ತು ಕಾಯೆದಾ

1996ರಲ್ಲಿ ಯೊಸಾನೊ ಗೆದ್ದರು. ಆಗಷ್ಟೇ ಹುಟ್ಟಿದ್ದ ಡೆಮಾಕ್ರಟಿಕ್ ಪಕ್ಷದಿಂದ ನಿಂತಿದ್ದ ಕಾಯೆದಾ ಸೋತು ಪಟ್ಟಿಯಿಂದ ಒಳಗೆ ಹೋದರು.

2000ದ ಜೂನ್ ಚುನಾವಣೆ ಬೇರೆ ಥರ ಆಯಿತು. ಪ್ರಧಾನಿ ಮೋರಿ ಯೊಶಿರೊ ಮತದಾನಕ್ಕೆ ಕೆಲವೇ ದಿನ ಮೊದಲು, ಇನ್ನೂ ಮನಸ್ಸು ಮಾಡದ ಮತದಾರರು ಮನೆಯಲ್ಲಿ ಮಲಗಿದ್ದರೆ ಒಳ್ಳೆಯದು ಎಂಬರ್ಥದ ಮಾತಾಡಿಬಿಟ್ಟರು. ಯಾವ ಪಕ್ಷಕ್ಕೂ ಅಂಟಿಕೊಳ್ಳದ ಮತದಾರರೇ ಟೋಕಿಯೊದಲ್ಲಿ ಗೆಲುವು ಸೋಲು ತೀರ್ಮಾನಿಸುವವರು. ನಗರಗಳ ಮಧ್ಯಭಾಗದಲ್ಲಿ ಎಲ್‌ಡಿಪಿಗೆ ಪೆಟ್ಟು ಬಿತ್ತು. ಪಕ್ಕದ 2ನೇ ಕ್ಷೇತ್ರದಲ್ಲಿ ಹಾಲಿ ವಾಣಿಜ್ಯ ಸಚಿವರೇ ಸೋತರು. ಅದೇ ಖಾತೆಯನ್ನು ಹಿಂದಿನ ವರ್ಷದವರೆಗೂ ನೋಡಿಕೊಂಡಿದ್ದ ಯೊಸಾನೊ 1ನೇ ಕ್ಷೇತ್ರದಲ್ಲಿ ಸೋತರು. ಈ ಸಲ ಅವರಿಗೆ ಎರಡನೇ ಬಾಗಿಲು, ಅಂದರೆ ಪಟ್ಟಿಯ ಬಾಗಿಲು, ತೆರೆಯಲಿಲ್ಲ. ಮೂರು ವರ್ಷ ಮನೆಯಲ್ಲೇ.

2003ರಲ್ಲಿ ಮತ್ತೆ ಕಾಯೆದಾ, ತೀರಾ ಸಣ್ಣ ಅಂತರದಿಂದ. ಅಂತರ ಸಣ್ಣದಾಗಿದ್ದರಿಂದಲೇ ಯೊಸಾನೊ ಪಟ್ಟಿಯಿಂದ ಆರಾಮಾಗಿ ಗೆದ್ದು ಬಂದರು.

2005ರದ್ದು ಅಂಚೆ ಇಲಾಖೆಯ ಖಾಸಗೀಕರಣದ ಮೇಲೆ ಪ್ರಧಾನಿ ಕೊಯಿಜುಮಿ ಜುನಿಚಿರೊ ಕರೆದ ಚುನಾವಣೆ. ಯೊಸಾನೊ ಆಗ ಎಲ್‌ಡಿಪಿಯ ನೀತಿ ಸಮಿತಿಯ ಮುಖ್ಯಸ್ಥ. ಟೋಕಿಯೊದ 25 ಕ್ಷೇತ್ರಗಳಲ್ಲಿ ಡೆಮಾಕ್ರಟಿಕ್ ಪಕ್ಷ ಉಳಿಸಿಕೊಂಡಿದ್ದು ಒಂದನ್ನು ಮಾತ್ರ, ಕಾನ್ ನವೊತೊ ಅವರ 18ನೇ ಕ್ಷೇತ್ರ. ಕಾಯೆದಾ ಕ್ಷೇತ್ರವನ್ನೂ ಕಳೆದುಕೊಂಡರು, ಪಟ್ಟಿಯಿಂದಲೂ ಬರಲಿಲ್ಲ. ಎಲ್‌ಡಿಪಿ ಎಷ್ಟು ಗೆದ್ದಿತ್ತೆಂದರೆ ಅದರ ಟೋಕಿಯೊ ಪಟ್ಟಿಯಲ್ಲಿ ಹೆಸರುಗಳೇ ಮುಗಿದುಹೋದವು. ಅದಕ್ಕೆ ಸಿಗಬೇಕಿದ್ದ ಒಂದು ಸೀಟು ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ ಹೋಯಿತು. ಎಲ್‌ಡಿಪಿಗೆ ವೋಟು ಹಾಕಿದ ಜನ ತಮಗೆ ಬೇಡದ ಪಕ್ಷದ ಒಬ್ಬರನ್ನು ಸಂಸತ್ತಿಗೆ ಕಳಿಸಿದ ಹಾಗಾಯಿತು. ಪಟ್ಟಿ ಪದ್ಧತಿಯಲ್ಲಿ ಎಂಥ ತೂತುಗಳಿವೆ ಎಂದು ತೋರಿಸಲು ಈ ಒಂದು ಘಟನೆ ಸಾಕು.

2009ರ ಆಗಸ್ಟ್ 30. ಎಲ್‌ಡಿಪಿ ಸರ್ಕಾರ ಉರುಳಿತು. ಯೊಸಾನೊ ಆಗ ಹಣಕಾಸು ಸಚಿವ. ಕಾಯೆದಾಗೆ ಸುಮಾರು 1.41 ಲಕ್ಷ, ಯೊಸಾನೊಗೆ ಸುಮಾರು 1.30 ಲಕ್ಷ. ಅನುಪಾತ ಶೇ 90ಕ್ಕೂ ಮೇಲೆ, ಹಾಗಾಗಿ ಯೊಸಾನೊ ಪಟ್ಟಿಯಿಂದ ಮತ್ತೆ ಒಳಗೆ.

ಇಲ್ಲಿಯವರೆಗೆ ನನಗೆ ಯಾವ ತಕರಾರೂ ಇಲ್ಲ. 1.30 ಲಕ್ಷ ಜನ ಹೆಸರು ಬರೆದು ಬೆಂಬಲಿಸಿದ ಮನುಷ್ಯ ಸಂಸತ್ತಿನಲ್ಲಿ ಇದ್ದರೆ ತಪ್ಪೇನು? ಹನ್ನೊಂದು ಸಾವಿರ ವೋಟಿನ ಅಂತರಕ್ಕೆ ಅಷ್ಟು ಜನರ ದನಿಯನ್ನು ಪೂರ್ತಿ ಹೊರಗಿಡುವುದೇ ದೊಡ್ಡ ಅನ್ಯಾಯ ಅಲ್ವಾ? ಜೊಂಬಿ ಎಂದು ಹಂಗಿಸುವವರು ಇದನ್ನು ಮರೆಯುತ್ತಾರೆ.

2010-11: ವ್ಯವಸ್ಥೆ ಮುರಿದದ್ದು ಇಲ್ಲಿ

2010ರ ಏಪ್ರಿಲ್‌ನಲ್ಲಿ ಯೊಸಾನೊ ಎಲ್‌ಡಿಪಿ ಬಿಟ್ಟು ಹಿರಾನುಮಾ ತಾಕೆಒ ಜೊತೆ ಹೊಸ ಪಕ್ಷ ಕಟ್ಟಿದರು. ಎಲ್‌ಡಿಪಿ ಅವರನ್ನು ಉಚ್ಚಾಟಿಸಿತು. ನಮ್ಮ ಪಟ್ಟಿಯಿಂದ ಬಂದ ಸೀಟು ಅದು, ಬಿಟ್ಟು ಹೋಗಿ ಎಂಬ ಒತ್ತಾಯವೂ ಬಂತು. ಯೊಸಾನೊ ಬಿಡಲಿಲ್ಲ. ಕಾನೂನು ಅವರ ಕಡೆಗಿತ್ತು. ಪಟ್ಟಿಯಿಂದ ಬಂದವರು, ಅದೇ ಚುನಾವಣೆಯಲ್ಲಿ ತಮ್ಮ ಪಟ್ಟಿಯ ಎದುರು ಸ್ಪರ್ಧಿಸಿದ್ದ ಪಕ್ಷಕ್ಕೆ ಸೇರಿದರೆ ಮಾತ್ರ ಸೀಟು ಹೋಗುತ್ತದೆ. ಚುನಾವಣೆಯ ನಂತರ ಹುಟ್ಟಿದ ಪಕ್ಷಕ್ಕೆ ಹೋಗಬಹುದು. ಯಾವ ಪಕ್ಷಕ್ಕೂ ಸೇರದೆ ಇರಬಹುದು.

ಒಂಬತ್ತು ತಿಂಗಳ ನಂತರ, 2011ರ ಜನವರಿಯಲ್ಲಿ, ಯೊಸಾನೊ ಆ ಹೊಸ ಪಕ್ಷವನ್ನೂ ಬಿಟ್ಟರು. ಪಕ್ಷೇತರರಾಗಿ, ಪ್ರಧಾನಿ ಕಾನ್ ನವೊತೊ ಅವರ ಡೆಮಾಕ್ರಟಿಕ್ ಸರ್ಕಾರದಲ್ಲಿ ಆರ್ಥಿಕ ನೀತಿಯ ಸಚಿವರಾದರು. ಆ ಖಾತೆ ಅಲ್ಲಿಯವರೆಗೆ ಯಾರ ಕೈಯಲ್ಲಿತ್ತು? ಕಾಯೆದಾ ಕೈಯಲ್ಲಿ. ಐದು ಚುನಾವಣೆ ಯಾರ ಎದುರು ಹೋರಾಡಿದರೋ ಅವರಿಗೇ ಜಾಗ ಬಿಟ್ಟುಕೊಟ್ಟು ಕಾಯೆದಾ ಆರ್ಥಿಕ, ವಾಣಿಜ್ಯ ಮತ್ತು ಕೈಗಾರಿಕಾ ಖಾತೆಗೆ ಹೋಗಬೇಕಾಯಿತು. ಬದುಕಿನಲ್ಲಿ ನ್ಯಾಯ ಇಲ್ಲ ಎನ್ನುವ ಧಾಟಿಯಲ್ಲಿ ಅವರು ಹೇಳಿದ ಮಾತು ಆಗ ದೊಡ್ಡ ಸುದ್ದಿಯಾಯಿತು.

ಯೊಸಾನೊ ಸುಮ್ನೆ ಕುರ್ಚಿಯ ಆಸೆಗೆ ಹೋದರು ಎಂದು ನಾನು ಹೇಳಲಾರೆ. ದೇಶದ ಸಾಲ, ಪಿಂಚಣಿಯ ಹೊರೆ, ಮಾರಾಟ ತೆರಿಗೆ ಏರಿಸಬೇಕಾದ ಅಗತ್ಯ, ಇವನ್ನು ಅವರು ವರ್ಷಗಟ್ಟಲೆ ಹೇಳುತ್ತಾ ಬಂದಿದ್ದರು. ಪ್ರಧಾನಿ ಕಾನ್ ಯೊಸಾನೊ ಅವರನ್ನು ಕರೆದಿದ್ದೂ ಅದಕ್ಕೇ. ಗಂಟಲಿನ ಕ್ಯಾನ್ಸರ್ ಜೊತೆ ಹೋರಾಡುತ್ತಿದ್ದ ಮನುಷ್ಯ, ತನಗುಳಿದ ಸಮಯದಲ್ಲಿ ಈ ಕೆಲಸ ಮಾಡಬೇಕು ಎಂದುಕೊಂಡಿದ್ದರೆ ಅದು ಅರ್ಥವಾಗುವ ಮಾತು.

ಆದರೆ ಮತದಾರರ ಕಡೆಯಿಂದ ನೋಡಿ. 2009ರಲ್ಲಿ ಈ ಕ್ಷೇತ್ರದಲ್ಲಿ ಕಾಯೆದಾ ಹೆಸರು ಬರೆದವರು ಯೊಸಾನೊ ಬೇಡ ಎಂದಿದ್ದರು. ಅವರು ತಂದ ಸರ್ಕಾರದಲ್ಲೇ ಯೊಸಾನೊ ಸಚಿವರಾದರು, ಅದೂ ಅವರು ಗೆಲ್ಲಿಸಿದ ಮನುಷ್ಯನ ಖಾತೆಗೆ. ಇನ್ನು ಟೋಕಿಯೊದಲ್ಲಿ ಎರಡನೇ ಚೀಟಿಯಲ್ಲಿ ಎಲ್‌ಡಿಪಿ ಎಂದು ಬರೆದವರು? ಅವರ ವೋಟಿನಿಂದ ಬಂದ ಸೀಟು ಎದುರಾಳಿ ಸರ್ಕಾರದ ಸಂಪುಟದಲ್ಲಿ ಕೂತಿತು. ಎರಡೂ ಕಡೆಯವರಿಗೆ ಮೋಸವಾಯಿತು. ಪಟ್ಟಿಯ ಸೀಟು ಬಂದಿದ್ದು ಪಕ್ಷದ ಹೆಸರು ಬರೆದ ಚೀಟಿಗಳಿಂದ. ಪಕ್ಷ ಬಿಟ್ಟರೆ ಸೀಟನ್ನೂ ಬಿಡಬೇಕು, ಪಟ್ಟಿಯ ಮುಂದಿನ ಹೆಸರು ಒಳಗೆ ಬರಬೇಕು. ಇಷ್ಟು ಸರಳ ನಿಯಮ ಬೇಕಿತ್ತು. ಸೋತವರು ಒಳಗೆ ಬರುವುದಕ್ಕಿಂತ, ಬಂದ ಮೇಲೆ ಆ ಸೀಟು ಯಾರದ್ದು ಎನ್ನುವುದು ದೊಡ್ಡ ಪ್ರಶ್ನೆ.

ಈ ಖಾತೆ ಬದಲಾವಣೆಗೆ ಇನ್ನೊಂದು ಪರಿಣಾಮವೂ ಆಯಿತು. ಎರಡು ತಿಂಗಳೊಳಗೆ, ಮಾರ್ಚ್ 11ಕ್ಕೆ, ಭೂಕಂಪ, ಸುನಾಮಿ, ಫುಕುಶಿಮಾ. ಅಣುಸ್ಥಾವರಗಳು ಕಾಯೆದಾಗೆ ಹೊಸದಾಗಿ ಸಿಕ್ಕಿದ ಇಲಾಖೆಯ ಹೊಣೆ. ನಿಂತುಹೋಗಿದ್ದ ಗೆಂಕಾಯ್ ಸ್ಥಾವರವನ್ನು ಮತ್ತೆ ಶುರು ಮಾಡಲು ಅವರು ಆ ಸ್ಥಾವರವಿರುವ ಸಾಗಾಕ್ಕೆ ಹೋಗಿ ಸ್ಥಳೀಯರನ್ನು ಒಪ್ಪಿಸಲು ನೋಡಿದರು. ಅಷ್ಟರಲ್ಲಿ ಪ್ರಧಾನಿ ಹೊಸ ಸುರಕ್ಷತಾ ಪರೀಕ್ಷೆ ಬೇಕೆಂದು ಹೇಳಿಬಿಟ್ಟರು. ಜುಲೈನಲ್ಲಿ ಸಂಸತ್ತಿನಲ್ಲಿ ಪ್ರಶ್ನೆಗಳ ಸುರಿಮಳೆ. ಕಾಯೆದಾ ತಮ್ಮ ಅಂಗೈಯಲ್ಲಿ ಸಹನೆ ಎಂಬರ್ಥದ ಒಂದು ಅಕ್ಷರ ಬರೆದುಕೊಂಡು ಕೂತಿದ್ದನ್ನು ಕ್ಯಾಮೆರಾಗಳು ಹಿಡಿದವು. ತಿಂಗಳ ಕೊನೆಗೆ ಸಮಿತಿ ಸಭೆಯೊಂದರಲ್ಲಿ ಅತ್ತೂ ಬಿಟ್ಟರು. ಆಗಸ್ಟ್‌ನಲ್ಲಿ ಪಕ್ಷದ ನಾಯಕತ್ವಕ್ಕೆ ನಿಂತು ಮೊದಲ ಸುತ್ತಿನಲ್ಲಿ ಮುಂದಿದ್ದರು, ಎರಡನೇ ಸುತ್ತಿನಲ್ಲಿ ನೋದಾ ಯೊಶಿಹಿಕೊ ಎದುರು 177ಕ್ಕೆ 215ರಿಂದ ಸೋತರು.

ನಾಯಕನೇ ಹೊರಗೆ

2012ರಲ್ಲಿ ಯೊಸಾನೊ ಅನಾರೋಗ್ಯದಿಂದ ನಿವೃತ್ತರಾದರು. ಎಲ್‌ಡಿಪಿ ನಿಲ್ಲಿಸಿದ್ದು ಹೊಸ ಮುಖವನ್ನು: 1974ರಲ್ಲಿ ಹುಟ್ಟಿದ ಯಮಾದಾ ಮಿಕಿ. ಕಾಯೆದಾ ಸಚಿವರಾಗಿದ್ದ ಅದೇ ಇಲಾಖೆಯ ಮಾಜಿ ಅಧಿಕಾರಿ. ಹೊಸ ಪಕ್ಷಗಳ ಅಭ್ಯರ್ಥಿಗಳೂ ಸೇರಿ ವೋಟು ಹಲವು ಕಡೆ ಹಂಚಿಹೋಯಿತು. ಯಮಾದಾ ಗೆದ್ದಿದ್ದು ಬರೀ ಸಾವಿರ ಚಿಲ್ಲರೆ ವೋಟಿನಿಂದ. ಕಾಯೆದಾ ಅನುಪಾತ ಶೇ 98 ದಾಟಿತ್ತು, ಪಟ್ಟಿಯಿಂದ ಬಂದರು. ಅವರ ಡೆಮಾಕ್ರಟಿಕ್ ಪಕ್ಷ ನೆಲಕಚ್ಚಿ 57 ಸೀಟಿಗೆ ಇಳಿದಿತ್ತು. ಹಾಗೆ ಉಳಿದವರು ಸೇರಿ ಡಿಸೆಂಬರ್ 25ರಂದು ಕಾಯೆದಾ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿದರು. ಸ್ವಂತ ಕ್ಷೇತ್ರದಲ್ಲಿ ಸೋತವರು ಮುಖ್ಯ ವಿರೋಧ ಪಕ್ಷದ ನಾಯಕ.

ಎರಡು ವರ್ಷದ ನಂತರ, 2014ರ ಡಿಸೆಂಬರ್ 14ರ ರಾತ್ರಿ, ಇದರ ಬೆಲೆ ಗೊತ್ತಾಯಿತು. ದೇಶದ ತುಂಬ ಪ್ರಚಾರ ಮಾಡಬೇಕಾದ ನಾಯಕನ ಸ್ವಂತ ಕ್ಷೇತ್ರವೇ ಗಟ್ಟಿ ಇರಲಿಲ್ಲ. ಯಮಾದಾ 17 ಸಾವಿರಕ್ಕೂ ಜಾಸ್ತಿ ಅಂತರದಿಂದ ಗೆದ್ದರು. ಕಾಯೆದಾ ಅನುಪಾತ ಶೇ 83ರ ಹತ್ತಿರಕ್ಕೆ ಬಿತ್ತು. ಟೋಕಿಯೊ ಪಟ್ಟಿಯಲ್ಲಿ ಪಕ್ಷಕ್ಕೆ ಸಿಕ್ಕ ಕೆಲವೇ ಸೀಟುಗಳಲ್ಲಿ ಕೊನೆಯದು ಯಾರಿಗೆ ಎಂದು ತೀರ್ಮಾನವಾಗುವ ಹೊತ್ತಿಗೆ ಇಡೀ ದೇಶದ 475 ಸೀಟುಗಳಲ್ಲಿ ಅದೊಂದೇ ಉಳಿದಿತ್ತು. ಅದು 18ನೇ ಕ್ಷೇತ್ರದಲ್ಲಿ ಸೋತಿದ್ದ ಮಾಜಿ ಪ್ರಧಾನಿ ಕಾನ್ ನವೊತೊ ಅವರಿಗೆ ಹೋಯಿತು. ಹಿಂದೊಮ್ಮೆ ಕಾಯೆದಾ ಅವರನ್ನು ಖಾತೆಯಿಂದ ಎತ್ತಿ ಬೇರೆಡೆ ಕೂರಿಸಿದ್ದ ಅದೇ ಕಾನ್.

ಮುಖ್ಯ ವಿರೋಧ ಪಕ್ಷದ ನಾಯಕ ತನ್ನ ಸೀಟನ್ನೇ ಕಳೆದುಕೊಂಡಿದ್ದು 1949ರಲ್ಲಿ ಸೋಷಿಯಲಿಸ್ಟ್ ಪಕ್ಷದ ಕತಾಯಾಮಾ ತೆತ್ಸು ಸೋತ ಮೇಲೆ ಇದೇ ಮೊದಲು. ಕಾಯೆದಾ ರಾಜೀನಾಮೆ ಕೊಟ್ಟರು. ಅವರ ಪಕ್ಷ ಆ ಚುನಾವಣೆಯಲ್ಲಿ ಸೀಟು ಹೆಚ್ಚಿಸಿಕೊಂಡಿತ್ತು ಎನ್ನುವುದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ನಾಲ್ವರಲ್ಲಿ ಮೂವರು

2017ರ ಏಪ್ರಿಲ್‌ನಲ್ಲಿ ಎಲ್‌ಡಿಪಿ ಯೊಸಾನೊ ಅವರನ್ನು ಮತ್ತೆ ಪಕ್ಷಕ್ಕೆ ಸೇರಿಸಿಕೊಂಡಿತು. ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಅದೇ ಅಕ್ಟೋಬರ್‌ನಲ್ಲಿ, ಹೊಸದಾಗಿ ಹುಟ್ಟಿದ ಕಾನ್‌ಸ್ಟಿಟ್ಯೂಷನಲ್ ಡೆಮಾಕ್ರಟಿಕ್ ಪಕ್ಷದಿಂದ ನಿಂತ ಕಾಯೆದಾ ಸುಮಾರು ಮೂರು ಸಾವಿರ ವೋಟಿನಿಂದ ಗೆದ್ದರು. ದೇಶದಲ್ಲಿ ಎಲ್‌ಡಿಪಿ ಭರ್ಜರಿಯಾಗಿ ಗೆದ್ದ ವರ್ಷ ಅದು. ಟೋಕಿಯೊ 1ನೇ ಕ್ಷೇತ್ರ ದೇಶದ ಗಾಳಿಯ ಜೊತೆಗೇ ಹೋಗುತ್ತದೆ ಎನ್ನುವವರು ಈ ವರ್ಷವನ್ನು ಗಮನಿಸಬೇಕು. ಟೋಕಿಯೊ ರಾಜ್ಯಪಾಲೆ ಕೊಯಿಕೆ ಯುರಿಕೊ ಕಟ್ಟಿದ ಪಕ್ಷದ ಅಭ್ಯರ್ಥಿಯೂ ಕಣದಲ್ಲಿದ್ದರು, ವೋಟು ಮೂರು ಪಾಲಾಯಿತು. ಯಮಾದಾ ಪಟ್ಟಿಯಿಂದ ಬಂದರು.

2021ರಲ್ಲಿ ಕಣದಲ್ಲಿದ್ದವರು ನಾಲ್ಕೇ ಜನ. ಯಮಾದಾ ಸುಮಾರು ಒಂಬತ್ತು ಸಾವಿರ ವೋಟಿನಿಂದ ಗೆದ್ದರು. ಎರಡನೆಯವರಾದ ಕಾಯೆದಾ ಪಟ್ಟಿಯಿಂದ ಬಂದರು. ಸುಮಾರು 60 ಸಾವಿರ ವೋಟು ಪಡೆದು ಮೂರನೆಯವರಾದ ಇಶಿನ್ ಪಕ್ಷದ ಓನೊ ತಾಯ್‌ಸುಕೆ ಕೂಡ ತಮ್ಮ ಪಕ್ಷದ ಪಟ್ಟಿಯಿಂದ ಬಂದರು. ನಾಲ್ವರು ನಿಂತಿದ್ದ ಒಂದು ಕುರ್ಚಿಯ ಕ್ಷೇತ್ರದಿಂದ ಮೂವರು ಸಂಸತ್ತಿಗೆ ಹೋದರು. ಹೆಚ್ಚುಕಮ್ಮಿ ಹಳೆಯ ಮೂರು ಕುರ್ಚಿಯ ಕಾಲಕ್ಕೇ ಮರಳಿದ ಹಾಗೆ. ಕ್ಷೇತ್ರದಲ್ಲಿ ಸೋತಿದ್ದ ಕಾಯೆದಾ ಕೆಳಮನೆಯ ಉಪಸಭಾಪತಿಯೂ ಆದರು.

2022ರಲ್ಲಿ ಕ್ಷೇತ್ರದ ಗಡಿ ಬದಲಾಯಿತು. ಟೋಕಿಯೊದ ಕ್ಷೇತ್ರಗಳು 25ರಿಂದ 30ಕ್ಕೆ ಏರಿದವು. ಮಿನಾತೊ ಶಿಬುಯಾ ಜೊತೆ 7ನೇ ಕ್ಷೇತ್ರಕ್ಕೆ ಹೋಯಿತು. 1ನೇ ಕ್ಷೇತ್ರದಲ್ಲಿ ಉಳಿದಿದ್ದು ಚಿಯೋದಾ ಮತ್ತು ಶಿಂಜುಕು.

2024ರ ಅಕ್ಟೋಬರ್ 27ರ ಚುನಾವಣೆಗೆ ಮೊದಲು ಎಲ್‌ಡಿಪಿಯ ಬಣಗಳು ಚಂದಾ ಹಣವನ್ನು ಲೆಕ್ಕಕ್ಕೆ ತೋರಿಸದೆ ಇಟ್ಟುಕೊಂಡಿದ್ದ ಹಗರಣ ಹೊರಬಂದಿತ್ತು. ಲೆಕ್ಕ ಸರಿಯಿಲ್ಲದವರ ಪಟ್ಟಿಯಲ್ಲಿ ಮಾಜಿ ಪ್ರಧಾನಿ ಆಬೆ ಅವರ ಬಣದ ಯಮಾದಾ ಹೆಸರೂ ಇತ್ತು. ಪಕ್ಷ ಇಂಥವರಿಗೆ ಕ್ಷೇತ್ರದ ಟಿಕೆಟ್ ಕೊಟ್ಟರೂ, ಪಟ್ಟಿಯಲ್ಲಿ ಜೊತೆಗೆ ನಿಲ್ಲಲು ಬಿಡಲಿಲ್ಲ. ಇಶಿನ್ ಪಕ್ಷ ತನ್ನ ನೀತಿ ಮುಖ್ಯಸ್ಥ ಒತೊಕಿತಾ ಶುನ್ ಅವರನ್ನು ಮೇಲ್ಮನೆಯಿಂದ ಇಳಿಸಿ ಇಲ್ಲಿಗೆ ತಂದಿತ್ತು. ಅವರೂ ಸೋತರು. ಗೆದ್ದವರು 75ರ ಕಾಯೆದಾ. ಎಲ್‌ಡಿಪಿಗೆ ಎಚ್ಚರಿಕೆ ಕೊಡಬೇಕೆಂದು ಶಿಂಜುಕುವಿನ ಮತದಾರ ಅಂದು ಪೆನ್ಸಿಲ್ ಹಿಡಿದು ಬೇರೆ ಹೆಸರು ಬರೆದಿದ್ದರೆ, ಆ ಎಚ್ಚರಿಕೆಯನ್ನು ತಳ್ಳಿಹಾಕಲು ಯಾವ ಪಟ್ಟಿಯೂ ಇರಲಿಲ್ಲ. ಯಮಾದಾ ಸಂಸತ್ತಿನಿಂದ ಹೊರಬಿದ್ದರು. ಒಂದು ಪಕ್ಷ ತನ್ನ ಅನುಕೂಲಕ್ಕೆ ಒಂದೇ ಚುನಾವಣೆಗೆ ಮುಚ್ಚಿದ ಬಾಗಿಲು ಅದು. ಪಕ್ಷ ಬಿಟ್ಟವರ ಸೀಟಿನ ಬಗ್ಗೆ ಕಾನೂನಿನಲ್ಲಿರುವ ಆ ಹಳೆಯ ತೂತನ್ನು 2011ರ ಅನುಭವದ ನಂತರವೂ ಮುಚ್ಚದೆ ಬಿಟ್ಟಿದ್ದು ಸರಿಯಲ್ಲ.